ಬೇರೆಯವರ ಗಂಟಲಿಗೆ ಕಟ್ಟಿದ ಹಾಡು

ಆ ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಗಿಟಾರ್ ಧಾಟಿ, ನನಗೆ ಸಿಕ್ಕಿದ್ದು ಇಪ್ಪತ್ತು ನಿಮಿಷದಲ್ಲಿ. ಹಾಡು ಮುಗಿದದ್ದು ಹದಿನಾಲ್ಕು ತಿಂಗಳ ಮೇಲೆ. ಅದರಲ್ಲಿ ಏಳು ತಿಂಗಳು ತಪ್ಪಾಗಿ ಹಾಡಿದೆ, ಎರಡು ತಿಂಗಳು ಹಾಡಲೇ ಆಗಲಿಲ್ಲ, ಉಳಿದದ್ದೆಲ್ಲ ರಿಪೇರಿಗೆ ಹೋಯಿತು.

ಸಂಗೀತಗಾರರು ಇಬ್ಬರು ಸೇರಿದಲ್ಲಿ ನಿದ್ದೆಯಲ್ಲಿ ಹುಟ್ಟಿದ ಹಾಡುಗಳ ಮಾತು ಬಂದೇ ಬರುತ್ತದೆ. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿಗೆ ಕನಸಿನಲ್ಲಿ ಕೇಳಿಸಿದ ಧಾಟಿಯೇ ಮುಂದೆ ‘ಯೆಸ್ಟರ್‌ಡೇ’ ಆಯಿತು. ಕೀತ್ ರಿಚರ್ಡ್ಸ್ 1965ರಲ್ಲಿ ಒಂದು ಬೆಳಿಗ್ಗೆ ಎದ್ದು ಕ್ಯಾಸೆಟ್ ಹಿಂದಕ್ಕೆ ಸುತ್ತಿ ಕೇಳಿದರೆ ಮೊದಲು ಸ್ವಲ್ಪ ಗಿಟಾರ್, ಆಮೇಲೆ ಉದ್ದಕ್ಕೂ ಅವನದೇ ಗೊರಕೆ. ಆ ಸ್ವಲ್ಪದಲ್ಲಿ ರೋಲಿಂಗ್ ಸ್ಟೋನ್ಸ್‌ನ ಅತ್ಯಂತ ಪ್ರಸಿದ್ಧ ರಿಫ್ ಇತ್ತು. ಪ್ರತಿಭೆ ಎಂದರೆ ಮೇಲಿನಿಂದ ಬೀಳುವ ವರ ಎಂದು ಸಾಧಿಸಲು ಈ ಕಥೆಗಳನ್ನು ಎತ್ತಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೆಕಾರ್ಟ್ನಿಗೆ ಆ ಧಾಟಿಯನ್ನು ತಾನು ಎಲ್ಲಿಂದಲೋ ಕದ್ದಿರಬೇಕೆಂಬ ಅನುಮಾನ. ಸಿಕ್ಕಸಿಕ್ಕವರಿಗೆಲ್ಲ ಕೇಳಿಸಿ ವಿಚಾರಿಸಿದ. ಸರಿಯಾದ ಸಾಹಿತ್ಯ ಹೊಳೆಯುವವರೆಗೆ ಕಲಕಿ ಹುರಿದ ಮೊಟ್ಟೆಯ ಮೇಲೆ ಏನೋ ಒಂದು ಸಾಲು ಹಾಕಿಕೊಂಡು ಹಾಡುತ್ತಿದ್ದ. ರಿಚರ್ಡ್ಸ್ ಕಥೆಯಲ್ಲಿ ನನ್ನ ಕಣ್ಣು ಹೋಗುವುದು ಹಾಸಿಗೆಯ ಪಕ್ಕದ ರೆಕಾರ್ಡರ್ ಕಡೆಗೆ. ಮಲಗುವ ಮುಂಚೆ ಅದನ್ನು ಅಲ್ಲಿಟ್ಟುಕೊಂಡಿದ್ದನಲ್ಲ!

(ಇವರನ್ನೆಲ್ಲ ಏಕವಚನದಲ್ಲಿ ಕರೆಯುತ್ತಿದ್ದೇನೆ. ಹದಿನೈದನೆಯ ವಯಸ್ಸಿನಿಂದ ಜತೆಗಿದ್ದವರು, ಈಗ ಬಹುವಚನ ಹಚ್ಚಿದರೆ ಅಪರಿಚಿತರಾಗಿಬಿಡುತ್ತಾರೆ.)

ನನ್ನ ಮೊಬೈಲಿನಲ್ಲಿಯೂ ಇಂಥ ತುಣುಕುಗಳು ಆರುನೂರಕ್ಕಿಂತ ಹೆಚ್ಚಿವೆ. ಹೆಚ್ಚಿನವು ಕಸ. ಕೆಲವನ್ನು ಕೇಳಿದರೆ ಯಾಕೆ ಹಾಡಿದೆನೆಂಬುದೂ ನೆನಪಾಗುವುದಿಲ್ಲ. ಈ ರಿಫ್ ಮಾತ್ರ ಮಾರನೆಯ ದಿನವೂ ಚೆನ್ನಾಗಿತ್ತು. ‘ಇ’ ಶ್ರುತಿಯಲ್ಲಿ, ಗಿಟಾರಿನ ಅತಿ ದಪ್ಪ ತಂತಿಯನ್ನು ಬೆರಳಿನಿಂದ ಒತ್ತದೆ ತೆರೆದೇ ಮೀಟುತ್ತ, ಮೇಲಿನ ಮೂರು ಸ್ವರಗಳನ್ನು ಎಳೆದು ಹಿಡಿಯುವ ಧಾಟಿ. ಅದರ ಮೇಲೆ ಕೋರಸ್, ಅಂದರೆ ಪಲ್ಲವಿ, ಕಟ್ಟಿದೆ. ಕಟ್ಟುವಾಗ ಬಾಯಿ ತೆರೆದು ಹಾಡಿರಲಿಲ್ಲ, ಕಳ್ಳದನಿಯಲ್ಲಿ ಗುನುಗುತ್ತಿದ್ದೆ. ಕಳ್ಳದನಿಗೆ ಎತ್ತರ ಯಾವ ಲೆಕ್ಕ? ಅದು ಸಲೀಸಾಗಿ ಏರಿ ಮೇಲಿನ ‘ಬಿ’ ಸ್ವರದಲ್ಲಿ ಹೋಗಿ ಕೂತಿತು.

ತುಂಬುಕಂಠದಲ್ಲಿ ನನ್ನ ಗಂಟಲು ನೆಮ್ಮದಿಯಾಗಿ ತಲುಪುವುದು ಅದಕ್ಕಿಂತ ನಾಲ್ಕು ಫ್ರೆಟ್ (ಗಿಟಾರಿನ ಮನೆ, ಒಂದೊಂದೂ ಅರ್ಧಸ್ವರ) ಕೆಳಗಿನ ‘ಜಿ’ಯನ್ನು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಆ ಎತ್ತರವನ್ನು ಬಿಟ್ಟುಕೊಡಲಿಲ್ಲ, ಏಕೆಂದರೆ ಆ ಕೋರಸ್ ನನ್ನ ತಲೆಯೊಳಗೆ ಕೇಳುತ್ತಿದ್ದದ್ದು ನನ್ನ ದನಿಯಲ್ಲಿರಲಿಲ್ಲ. ಅದು ಲೆಡ್ ಝೆಪಲಿನ್ ಬ್ಯಾಂಡಿನ ಗಾಯಕ ರಾಬರ್ಟ್ ಪ್ಲಾಂಟ್‌ನ ದನಿ.

ಲೆಡ್ ಝೆಪಲಿನ್ ಕೇಳಿಯೇ ನಾನು ಹಾಡಲು ಕಲಿತದ್ದು. ಕಲಿತದ್ದು ಅನ್ನುವುದಕ್ಕಿಂತ ಅಣಕಿಸಿದ್ದು ಅನ್ನಬೇಕು. ಪ್ಲಾಂಟ್ ಒಂದು ಸ್ವರವನ್ನು ನೇರವಾಗಿ ಹಿಡಿಯುವುದಿಲ್ಲ. ಕೆಳಗಿನಿಂದ ಜಾರಿಕೊಂಡು ಬಂದು, ಅಂಚಿನಲ್ಲಿ ಒಂದು ಕ್ಷಣ ಗೀಚಿ, ಆಮೇಲೆ ಒಳಗೆ ಬರುತ್ತಾನೆ. ಅವರ ಎರಡನೇ ಆಲ್ಬಂನ ಮೊದಲ ಹಾಡಿನ ಕೊನೆಯ ಭಾಗದಲ್ಲಿ, ಅವನು ಹಾಡುವ ಸಾಲಿಗಿಂತ ಮುಂಚೆಯೇ ಅದೇ ಸಾಲು ದೂರದಿಂದ ಮಸುಕಾಗಿ ಕೇಳಿಸುತ್ತದೆ. ಅದು ಹಳೆಯ ಟೇಕ್ ಒಂದರ, ಅಂದರೆ ಮೊದಲೊಮ್ಮೆ ಹಾಡಿ ರೆಕಾರ್ಡ್ ಮಾಡಿದ್ದರ, ಸೋರಿಕೆ. 1969ರಲ್ಲಿ ಮಿಕ್ಸಿಂಗ್‌ಗೆ ಕೂತಾಗ ಎಷ್ಟು ಮಾಡಿದರೂ ಅಳಿಸಲಾಗದೆ, ಎಂಜಿನಿಯರ್ ಎಡ್ಡಿ ಕ್ರೇಮರ್ ಮತ್ತು ಬ್ಯಾಂಡಿನ ಗಿಟಾರಿಸ್ಟ್ ಜಿಮ್ಮಿ ಪೇಜ್ ಅದಕ್ಕೆ ಇನ್ನಷ್ಟು ಪ್ರತಿಧ್ವನಿ ಹಾಕಿ ಬೇಕೆಂದೇ ಮಾಡಿದಂತೆ ಬಿಟ್ಟರು. ಇದು ಗೊತ್ತಿಲ್ಲದ ಕಾಲದಲ್ಲಿ ನಾನು ಆ ಮಸುಕು ಸಾಲನ್ನೂ ಅಭ್ಯಾಸ ಮಾಡಿದ್ದೆ. ಮೊದಲು ಗೋಡೆಗೆ ಮುಖ ಮಾಡಿ ಮೆಲ್ಲಗೆ, ಆಮೇಲೆ ತಿರುಗಿ ಜೋರಾಗಿ. ಒಂದು ತಾಂತ್ರಿಕ ತೊಡಕನ್ನು ಇಷ್ಟು ಶ್ರದ್ಧೆಯಿಂದ ಕಂಠಪಾಠ ಮಾಡಿದವರು ಇನ್ನೊಬ್ಬರು ಇರಲಾರರು.

ಏಳು ತಿಂಗಳು ಆ ಕೋರಸ್ ಜತೆ ಗುದ್ದಾಡಿದೆ. ಹತ್ತರಲ್ಲಿ ಮೂರು ಸಲ ಸ್ವರ ಸಿಗುತ್ತಿತ್ತು. ಸಿಕ್ಕ ಮೂರು ಸಲದಿಂದಾಗಿ ಸಿಗದ ಏಳು ಸಲ ಮರೆತುಹೋಗುತ್ತಿತ್ತು. ಅಭ್ಯಾಸ ಮುಗಿಸಿ ಮನೆಗೆ ಬಂದ ಮೇಲೆ ದನಿ ಒಡೆದಿರುತ್ತಿತ್ತು, ಬೆಳಿಗ್ಗೆಗೆ ಸರಿಹೋಗುತ್ತಿತ್ತು. ಬರಬರುತ್ತ ಮಧ್ಯಾಹ್ನದವರೆಗೆ ಸರಿಹೋಗುತ್ತಿರಲಿಲ್ಲ. ಒಂದು ಸಂಜೆ ಎರಡನೇ ಕೋರಸ್‌ನಲ್ಲಿ ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಬ್ಯಾಂಡಿನ ಉಳಿದ ಮೂವರು ಇನ್ನೂ ಎಂಟು ಎಣಿಕೆ ನುಡಿಸಿ ನಿಲ್ಲಿಸಿದರು.

ವೈದ್ಯರು ಮೂಗಿನ ಮೂಲಕ ತೆಳ್ಳನೆಯ ನಳಿಕೆ ಇಳಿಸಿದರು. ಅದರ ತುದಿಯ ಕ್ಯಾಮೆರಾ ಕಂಡದ್ದನ್ನು ಪರದೆಯ ಮೇಲೆ ನನಗೂ ತೋರಿಸಿದರು. ಇಷ್ಟು ವರ್ಷ ನಾನು ನೆಚ್ಚಿಕೊಂಡಿದ್ದ ವಾದ್ಯವನ್ನು ನೋಡಿದ್ದು ಅದೇ ಮೊದಲು: ಎರಡು ಸೆಂಟಿಮೀಟರ್ ಆಸುಪಾಸಿನ ಎರಡು ಬಿಳಿಯ ಮಡಿಕೆ. ಎರಡರ ಅಂಚಿನಲ್ಲೂ ಎದುರುಬದುರಾಗಿ ಒಂದೊಂದು ಸಣ್ಣ ಗಂಟು. ಗಿಟಾರ್ ನುಡಿಸುವವರ ಬೆರಳ ತುದಿ ಜಡ್ಡುಗಟ್ಟುವುದಿಲ್ಲವೇ, ಹೆಚ್ಚುಕಡಿಮೆ ಹಾಗೆಯೇ ಇದು ಎಂದರು. ಬೆರಳ ಜಡ್ಡು ನಮಗೆ ಹೆಮ್ಮೆ, ಹೊಸಬರು ಕೈ ಕುಲುಕಿದಾಗ ಗೊತ್ತಾಗಲಿ ಎಂದು ಕಾಯುತ್ತೇವೆ. ಗಂಟಲಿನ ಜಡ್ಡು ಮಡಿಕೆಗಳು ಪೂರ್ತಿ ಮುಚ್ಚಿಕೊಳ್ಳದಂತೆ ತಡೆಯುತ್ತದೆ, ಸಂದಿಯಲ್ಲಿ ಉಸಿರು ಸೋರುತ್ತದೆ. ನಾನು ಹಠ ಹಿಡಿದಿದ್ದ ಆ ‘ಬಿ’ ಸ್ವರಕ್ಕೆ ಆ ಮಡಿಕೆಗಳು ಸೆಕೆಂಡಿಗೆ ಸುಮಾರು 494 ಸಲ ಒಂದಕ್ಕೊಂದು ಬಡಿಯಬೇಕು. ಒಂದು ನಿಮಿಷದ ಲೆಕ್ಕ ಹಾಕಿದರೆ 30 ಸಾವಿರಕ್ಕೆ ಹತ್ತಿರ. ಏಳು ತಿಂಗಳ ಲೆಕ್ಕ ನಾನು ಹಾಕಲಿಲ್ಲ.

ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಮೊದಲ ಒಂದು ವಾರ ಪೂರ್ತಿ ಮೌನ, ಪಿಸುಮಾತೂ ಕೂಡದು. ಆಮೇಲೆ ದನಿಯ ಚಿಕಿತ್ಸಕಿಯೊಬ್ಬರ ಬಳಿ ಅಭ್ಯಾಸ. ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ಗುಳ್ಳೆ ಬರುವಂತೆ ಊದುತ್ತ ‘ಊ’ ಎಂದು ಏರಿಳಿಸುವುದು, ತುಟಿ ಮುಚ್ಚಿ ‘ಮ್’ ಎಂದು ಗುನುಗುವುದು. ಇಪ್ಪತ್ತು ವರ್ಷ ವೇದಿಕೆಯಲ್ಲಿ ಅರಚಿದ ಮನುಷ್ಯ ಲೋಟದಲ್ಲಿ ಗುಳ್ಳೆ ಬಿಡುತ್ತ ಕೂತದ್ದನ್ನು ನೋಡಿ ಮನೆಯವರು ನಗು ತಡೆಯಲು ಪಟ್ಟ ಪಾಡು ನನಗೆ ಕಾಣುತ್ತಿತ್ತು. ಬೈಯುವಂತೆಯೂ ಇರಲಿಲ್ಲ.

ಮೌನದ ವಾರದಲ್ಲಿ ಮಾಡಲು ಬೇರೇನೂ ಇಲ್ಲದೆ ಹೆಡ್‌ಫೋನ್ ಹಾಕಿಕೊಂಡು ಹಳೆಯ ಆಲ್ಬಂಗಳನ್ನೆಲ್ಲ ಕೇಳಿದೆ. ಒಂದು ವಿಚಿತ್ರ ತಿಳಿಯಿತು. ಇದುವರೆಗೆ ನಾನು ಯಾವ ಹಾಡನ್ನೂ ಗಂಟಲು ಸುಮ್ಮನಿಟ್ಟು ಕೇಳಿರಲೇ ಇಲ್ಲ. ಕೇಳುವಾಗೆಲ್ಲ ಒಳಗೊಳಗೇ ಜತೆಗೆ ಹಾಡುತ್ತಿದ್ದೆ, ಅಂದರೆ ಗಾಯಕನ ದನಿಯ ಮೇಲೆ ನನ್ನ ದನಿಯನ್ನು ಹೊದಿಸಿಕೊಂಡೇ ಕೇಳುತ್ತಿದ್ದೆ. ಆ ಹೊದಿಕೆ ತೆಗೆದ ಮೇಲೆ ಎಲ್ಲರೂ ಬೇರೆಯೇ ಕೇಳಿಸಿದರು.

ಜಾನಿಸ್ ಜಾಪ್ಲಿನ್‌ಳನ್ನು ನಾನು ಕಿರುಚುವ ಗಾಯಕಿಯರ ಸಾಲಿನಲ್ಲಿ ಇಟ್ಟಿದ್ದೆ. ಅವಳು 1970ರ ಅಕ್ಟೋಬರ್ 1ರಂದು ವಾದ್ಯಗಳೇ ಇಲ್ಲದೆ ಒಂದು ಪುಟ್ಟ ಹಾಡನ್ನು ಒಂದೇ ಟೇಕಿನಲ್ಲಿ ಹಾಡಿದಳು, ದುಬಾರಿ ಕಾರು ಕೊಡಿಸು ಎಂದು ದೇವರನ್ನು ಕೇಳುವ ತಮಾಷೆಯ ಹಾಡು. ಎರಡು ನಿಮಿಷವೂ ಇಲ್ಲ. ಕೊನೆಯಲ್ಲಿ ಕಿಸಕ್ಕನೆ ನಗುತ್ತಾಳೆ. ಮೂರು ದಿನದ ಮೇಲೆ, 27ನೆಯ ವಯಸ್ಸಿಗೆ, ತೀರಿಕೊಂಡಳು. ಆ ಹಾಡಿನಲ್ಲಿ ಎಲ್ಲಿಯೂ ಅವಳು ಕಿರುಚುವುದಿಲ್ಲ. ಕಿರುಚಬಲ್ಲೆ ಎಂಬುದು ಪ್ರತಿ ಸಾಲಿನ ಹಿಂದೆ ಇರುತ್ತದೆ, ಅಷ್ಟೆ. ಪಡೆದವರು ಪಡೆದದ್ದನ್ನೆಲ್ಲ ಖರ್ಚು ಮಾಡುವುದಿಲ್ಲ ಎಂದು ಗೊತ್ತಾಗಲು ನನಗೆ ನಲವತ್ತು ದಾಟಬೇಕಾಯಿತು.

ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ವಿಷಯವೂ ಹೀಗೆಯೇ. ‘ನೆವರ್‌ಮೈಂಡ್’ ಆಲ್ಬಂನ ಕೊನೆಯ ಹಾಡಿನಲ್ಲಿ ಅವನ ದನಿ ಕಿವಿಯ ಪಕ್ಕದಲ್ಲಿಯೇ ಇರುತ್ತದೆ. ಬ್ಯಾಂಡ್ ಪೂರ್ತಿ ಸೇರಿ ನುಡಿಸಿದಾಗ ಅದು ಕೂಡಿಬರಲಿಲ್ಲ. ಹಾಡು ಹೇಗಿರಬೇಕೆಂದು ತೋರಿಸಲು ಅವನು ನಿಯಂತ್ರಣ ಕೊಠಡಿಯ ಸೋಫಾದ ಮೇಲೆ ಒರಗಿ ಗಿಟಾರ್ ಎತ್ತಿಕೊಂಡು ಪಿಸುಗುಟ್ಟಿದಂತೆ ಹಾಡಿದ. ನಿರ್ಮಾಪಕ ಬುಚ್ ವಿಗ್ ಅಲ್ಲಿಯೇ ಮೈಕ್ ಇಟ್ಟು, ಫೋನ್, ಫ್ಯಾನ್ ಎಲ್ಲ ಆರಿಸಿ, ಅಲ್ಲಿಯೇ ರೆಕಾರ್ಡ್ ಮಾಡಿದ. ಮೊದಲು ಹಾಡುಗಾರನ ದನಿ, ಉಳಿದ ವಾದ್ಯಗಳು ಆಮೇಲೆ. ನಾವು ಯಾವಾಗಲೂ ತಿರುಗುಮುರುಗು ಮಾಡುತ್ತಿದ್ದೆವು: ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಮುಗಿಸಿ, ಅದರ ಮೇಲೆ ನಾನು ಹತ್ತಿ ಕೂರಬೇಕು. ಏಣಿ ಹಾಕಿದವರೂ ನಾವೇ, ಎತ್ತರವಾಯಿತೆಂದು ಗೋಳಾಡುವವರೂ ನಾವೇ.

ಜಾನ್ ಲೆನನ್ ಬಗ್ಗೆ ಒಂದು ಮಾತು. ಬೀಟಲ್ಸ್ 1963ರ ಫೆಬ್ರುವರಿ 11ರಂದು ಒಂದೇ ದಿನದಲ್ಲಿ ಹತ್ತು ಹಾಡು ರೆಕಾರ್ಡ್ ಮಾಡಿದರು. ಲೆನನ್‌ಗೆ ನೆಗಡಿ. ಗಂಟಲು ಕೀಳುವ ಹಾಡನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು, ಏಕೆಂದರೆ ಅದಾದ ಮೇಲೆ ದನಿ ಉಳಿಯುವುದಿಲ್ಲವೆಂದು ಗೊತ್ತಿತ್ತು. ಮೊದಲ ಟೇಕೇ ಆಲ್ಬಂಗೆ ಹೋಯಿತು. ಎರಡನೆಯದಕ್ಕೆ ದನಿ ಇರಲಿಲ್ಲ. ಮರಳುಕಾಗದ ಉಜ್ಜಿದಂಥ ಆ ದನಿ ಇಂದಿಗೂ ಮೈ ನವಿರೇಳಿಸುತ್ತದೆ. ಆದರೆ ಲೆನನ್‌ಗೆ ತನ್ನ ದನಿಯೇ ಇಷ್ಟವಿರಲಿಲ್ಲ. ಏನಾದರೂ ಮಾಡಿ ಬದಲಿಸಿ, ಮುಚ್ಚಿ ಎಂದು ಸ್ಟುಡಿಯೊದವರ ಬೆನ್ನು ಹತ್ತುತ್ತಿದ್ದ. ಒಂದೇ ಸಾಲನ್ನು ಎರಡೆರಡು ಸಲ ಹಾಡಿ ಒಂದರ ಮೇಲೊಂದು ಕೂರಿಸುವ ಬೇಸರ ತಪ್ಪಿಸಲು ಕೆನ್ ಟೌನ್‌ಸೆಂಡ್ ಎಂಬ ಎಂಜಿನಿಯರ್ 1966ರಲ್ಲಿ ಟೇಪ್ ಯಂತ್ರಗಳಿಂದಲೇ ಆ ಕೆಲಸ ಮಾಡಿಸುವ ಉಪಾಯ ಕಂಡುಹಿಡಿದ. ಇಂದು ಪ್ರತಿ ಸಾಫ್ಟ್‌ವೇರಿನಲ್ಲಿಯೂ ಅದಕ್ಕೊಂದು ಗುಂಡಿ ಇದೆ. ಒಬ್ಬನ ಸಂಕೋಚ ನಮ್ಮೆಲ್ಲರ ಉಪಕರಣವಾಗಿದೆ.

ಇಷ್ಟೆಲ್ಲ ಕೇಳಿದ ಮೇಲೆ ನನಗೊಂದು ದುರ್ಬುದ್ಧಿ ಬಂತು. ಹೊಸದಾಗಿ ಹಾಡುವುದೇ ಬೇಡ, ಹಳೆಯ ಡೆಮೊದಲ್ಲಿ (ಕಚ್ಚಾ ರೆಕಾರ್ಡಿಂಗ್) ದನಿ ಒಡೆದ ಟೇಕ್ ಇದೆಯಲ್ಲ, ಅದನ್ನೇ ಇಟ್ಟುಬಿಡೋಣ ಎಂದು. ಸಮರ್ಥನೆಗೆ ಗಾಯಕಿ ಮೆರಿ ಕ್ಲೇಟನ್ ಇದ್ದಳು. ರೋಲಿಂಗ್ ಸ್ಟೋನ್ಸ್‌ನ ‘ಗಿಮ್ಮಿ ಶೆಲ್ಟರ್’ ಹಾಡಿಗೆ 1969ರಲ್ಲಿ ಅವಳನ್ನು ನಡುರಾತ್ರಿ ಹಾಸಿಗೆಯಿಂದ ಎಬ್ಬಿಸಿ ಕರೆಸಿದ್ದರು. ತುಂಬು ಬಸುರಿ, ತಲೆಗೂದಲಿಗೆ ಸುರುಳಿ ಸುತ್ತಿಕೊಂಡೇ ಬಂದಿದ್ದಳು. ಎತ್ತರದ ಸಾಲಿನಲ್ಲಿ ಅವಳ ದನಿ ಸೀಳಿಹೋಗುತ್ತದೆ. ಹಿಂದೆ ಯಾರೋ ಬೆರಗಿನಿಂದ ಕೂಗಿದ್ದೂ ಕೇಳಿಸುತ್ತದೆ. ಆ ಸೀಳು ಇಲ್ಲದೆ ಆ ಹಾಡನ್ನು ಊಹಿಸಿಕೊಳ್ಳಲು ಆಗುವುದಿಲ್ಲ.

ಮಾತಾಡುವಂತಿಲ್ಲವಾದ್ದರಿಂದ ಇದನ್ನೆಲ್ಲ ಹಾಳೆಯಲ್ಲಿ ಬರೆದು ನಮ್ಮ ಬೇಸ್ ಗಿಟಾರಿನ ಗೆಳೆಯನ ಕೈಗಿಟ್ಟೆ. ಅವನು ಓದಿದ. ಡೆಮೊ ಹಾಕಿ ಕೇಳಿದ. ಆಮೇಲೆ ಹೇಳಿದ: “ಅವಳು ಸ್ವರವನ್ನು ಮುಟ್ಟಿದ ಮೇಲೆ ದನಿ ಸೀಳಿತು. ನೀನು ಮುಟ್ಟುವ ಮೊದಲೇ ಸೀಳಿಸಿಕೊಂಡಿದ್ದೀಯ. ಎರಡಕ್ಕೂ ಒಂದೇ ಹೆಸರು ಇಡಬೇಡ.”

ಉತ್ತರ ಬರೆಯಲು ಪೆನ್ನು ತೆಗೆದುಕೊಂಡೆ. ಬರೆಯಲು ಏನೂ ಇರಲಿಲ್ಲ. ಕ್ಲೇಟನ್ ಅಲ್ಲಿಗೆ ಬರುವ ಮುಂಚೆ ರೇ ಚಾರ್ಲ್ಸ್‌ನ ತಂಡದಲ್ಲಿ ಹಾಡಿ ಪಳಗಿದವಳು. ಅವಳ ತಪ್ಪನ್ನು ಮಾತ್ರ ನಾನು ಸಾಲ ತರಲು ಹೊರಟಿದ್ದೆ.

ಇನ್ನೊಂದು ಮಾತನ್ನು ನಮ್ಮ ಡ್ರಮ್ಸ್ ಗೆಳತಿ ಹೇಳಿದಳು, ಸುಮ್ಮನೆ, ಕೋಲುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ: “ಶ್ರುತಿ ಇಳಿಸಿದರೆ ಏನು ಕಳೆದುಕೊಳ್ಳುತ್ತೀಯ?” ನಿಜವಾದ ಉತ್ತರ ‘ಮಾನ’ ಎಂಬುದಾಗಿತ್ತು. ಹೇಳಿದ ಉತ್ತರ, ರಿಫ್ ಹಾಳಾಗುತ್ತದೆ, ತೆರೆದ ತಂತಿ ಹೋಗುತ್ತದೆ ಎಂದು. ಅವಳು ಬ್ಲ್ಯಾಕ್ ಸಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿಯ ಹೆಸರು ಹೇಳಿ ಎದ್ದು ಹೋದಳು.

ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ನಡುಬೆರಳು ಮತ್ತು ಉಂಗುರಬೆರಳಿನ ತುದಿ ಕಳೆದುಕೊಂಡ. ಎಡಗೈಯಲ್ಲಿ ಮೀಟುವವನಾದ್ದರಿಂದ ತಂತಿ ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೊಪ್ಪಿಗೆ ಮಾಡಿ ಬೆರಳಿಗೆ ಹಾಕಿಕೊಂಡ. ತೆಳು ತಂತಿ ಹಾಕಿದ. 1971ರ ಹೊತ್ತಿಗೆ ಗಿಟಾರಿನ ಶ್ರುತಿಯನ್ನೇ ಮೂರು ಅರ್ಧಸ್ವರ ಸಡಿಲಿಸಿದ. ಆ ಸಡಿಲ ತಂತಿಯ ಭಾರವಾದ ನಾದದಿಂದ ಮುಂದೆ ಎಷ್ಟು ಬ್ಯಾಂಡುಗಳು ಬದುಕಿಕೊಂಡವು! ಈ ಕಥೆ ನನಗೆ ಚಿಕ್ಕಂದಿನಿಂದ ಬಾಯಿಪಾಠ. ಹೊಸಬರಿಗೆ ಹೇಳಿ ಹುರುಪು ತುಂಬಿದ್ದೂ ಉಂಟು. ನನ್ನ ಮೇಲೆ ಪ್ರಯೋಗಿಸಿಕೊಳ್ಳುವ ಯೋಚನೆ ಬಂದಿರಲಿಲ್ಲ.

ಮೂರು ಅರ್ಧಸ್ವರ ಇಳಿಸಿದೆವು. ‘ಇ’ ಹೋಗಿ ‘ಸಿ ಶಾರ್ಪ್’ ಆಯಿತು, ಕೋರಸ್‌ನ ತುದಿ 494ರಿಂದ 415 ಕಂಪನಕ್ಕೆ ಇಳಿಯಿತು. ನನ್ನ ನೆಮ್ಮದಿಯ ಗಡಿಗಿಂತ ಅದು ಇನ್ನೂ ಒಂದು ಫ್ರೆಟ್ ಮೇಲೆಯೇ, ಅಂದರೆ ಬೆವರಬೇಕು, ಆದರೆ ನೆತ್ತರು ಹರಿಸಬೇಕಾಗಿಲ್ಲ. ತೊಂದರೆಗಳು ಒಂದರ ಹಿಂದೊಂದು ಬಂದವು. ದಪ್ಪ ತಂತಿ ಸಡಿಲಾಗಿ ಫ್ರೆಟ್‌ಗೆ ಬಡಿದು ಝೇಂಕರಿಸಿತು. ಇನ್ನೂ ದಪ್ಪನೆಯದು ಹಾಕಿದೆವು. ಅದು ಹಾಕಿದ ಮೇಲೆ ಸ್ವರ ಎಳೆದು ಹಿಡಿಯುವುದು ಕಷ್ಟವಾಗಿ ರಿಫ್ ತಾನಾಗಿಯೇ ನಿಧಾನವಾಯಿತು. ನಿಮಿಷಕ್ಕೆ 132 ಬಡಿತವಿದ್ದದ್ದು 118ಕ್ಕೆ ಬಂತು. ನಿಧಾನವಾದಾಗ ಚರಣದ ಪದಗಳ ನಡುವೆ ಜಾಗ ಬಿತ್ತು, ಮೊದಲು ವೇಗದಲ್ಲಿ ಮುಚ್ಚಿಹೋಗುತ್ತಿದ್ದ ಎರಡು ಜೊಳ್ಳು ಸಾಲುಗಳು ಬೆತ್ತಲಾದವು. ಅವನ್ನು ಕಿತ್ತೆ.

ಆದರೆ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಕೋರಸ್‌ನದು.

ನಾನು ಹಾಡುವುದು ಕನ್ನಡದಲ್ಲಿ. ರಾಕ್ ಹಾಡಿಗೆ ಕನ್ನಡ ಒಂದು ವಿಚಿತ್ರ ತೊಡಕು ಒಡ್ಡುತ್ತದೆ. ಇಂಗ್ಲಿಷಿನ ಪದ ವ್ಯಂಜನಕ್ಕೆ ಬಂದು ಫಟ್ಟೆಂದು ನಿಲ್ಲುತ್ತದೆ, ಡ್ರಮ್ಸ್ ಏಟಿನ ಜತೆ ಬಾಗಿಲು ಹಾಕಿಕೊಂಡಂತೆ. ನಮ್ಮ ಪದಗಳು ಹೆಚ್ಚಾಗಿ ಸ್ವರಕ್ಕೆ ಬಂದು ಮುಗಿಯುತ್ತವೆ, ಸಾಲಿನ ಕೊನೆಯಲ್ಲಿ ಒಂದು ‘ಉ’ವೋ ‘ಇ’ಯೋ ಬಾಲ ಅಲ್ಲಾಡಿಸುತ್ತಿರುತ್ತದೆ. ನನ್ನ ಕೋರಸ್‌ನ ಸಾಲು ‘ನಿಂತೇ ಇರುವೆ ನಿನ್ನ ಬಾಗಿಲಲ್ಲಿ’ ಎಂದಿತ್ತು. ಅತಿ ಎತ್ತರದ ಸ್ವರ ಬೀಳುತ್ತಿದ್ದದ್ದು ಆ ಕೊನೆಯ ‘ಲ್ಲಿ’ ಮೇಲೆ. ಚಿಕಿತ್ಸಕಿ ಅದನ್ನು ಒಂದೇ ಸಲ ಕೇಳಿ ಹೇಳಿದರು: “ಬಾಯಿ ಕಿರಿದು ಮಾಡಿಕೊಂಡು ಎತ್ತರಕ್ಕೆ ಹೋಗುತ್ತೀರಿ, ನಾಲಿಗೆ ಮೇಲಕ್ಕೆ ಎದ್ದು ದಾರಿ ಕಟ್ಟುತ್ತದೆ. ಅಲ್ಲಿ ‘ಆ’ ಇರುವ ಪದ ಹಾಕಿಕೊಳ್ಳಲು ಆಗುವುದಿಲ್ಲವೇ?”

ಕವಿತೆಯ ಸಾಲನ್ನು ಬಾಯಿಯ ಅನುಕೂಲಕ್ಕೆ ಬದಲಿಸುವುದೆಂದರೆ ಮೊದಲು ಅವಮಾನವೆನಿಸಿತು. ಒಂದು ವಾರ ‘ಆ’ ಹುಡುಕಿದೆ. ಏನೇನೋ ಹಾಕಿದೆ, ಎಲ್ಲವೂ ತೇಪೆಯಂತೆ ಕಾಣುತ್ತಿದ್ದವು. ಕೊನೆಗೆ ಬಂದದ್ದು ‘ಬಾಗಿಲು ತೆರೆವ ಮೊದಲೇ ನೀ ಹೋದಾಗ’. ತುದಿಯ ಸ್ವರ ‘ದಾ’ ಮೇಲೆ. ಬಾಯಿ ತೆರೆಯಿತು, ಗಂಟಲು ಸುಮ್ಮನೆ ಬಿಟ್ಟುಕೊಟ್ಟಿತು, ‘ಗ’ಕಾರದ ಮೇಲೆ ಸಾಲು ಏಟಿನ ಜತೆಗೇ ಮುಗಿಯಿತು. ಹಾಡಿ ಮುಗಿಸಿದ ಮೇಲೆ ಗಮನಕ್ಕೆ ಬಂತು: ಹಾಡಿನ ಕಥೆಯೇ ತಲೆಕೆಳಗಾಗಿದೆ. ಮೊದಲು ಹಾಡುವವನು ಹೊರಗೆ ನಿಂತು ಕಾಯುತ್ತಿದ್ದ, ತನ್ನ ಬಗ್ಗೆ ತಾನೇ ಮರುಗುತ್ತ. ಈಗ ಅವನು ಒಳಗಿದ್ದಾನೆ. ಬಾಗಿಲು ತೆರೆಯಲು ತಡಮಾಡಿದವನು ಅವನೇ. ಏಳು ತಿಂಗಳು ಆ ಹಾಡಿನಲ್ಲಿ ಏನೋ ಸುಳ್ಳು ಎನಿಸುತ್ತಿದ್ದದ್ದು ಇದೇ ಎಂದು ತಕ್ಷಣ ತಿಳಿಯಿತು, ಏಕೆಂದರೆ ಆ ಹಾಡು ಹುಟ್ಟಿದ ನಿಜವಾದ ಜಗಳದಲ್ಲಿ ತಡಮಾಡಿದವನು ನಾನು. ಚರಣಗಳೆರಡನ್ನೂ ಎರಡು ರಾತ್ರಿಯಲ್ಲಿ ಮತ್ತೆ ಬರೆದೆ. ಬಹಳ ಸುಲಭವಾಯಿತು.

ಇದನ್ನು ಸ್ಫೂರ್ತಿ ಎನ್ನಬೇಕೋ ಏನೆನ್ನಬೇಕೋ. ನಾಲಿಗೆ ಮಲಗಲು ಜಾಗ ಬೇಕಾಗಿತ್ತು. ಅದಕ್ಕೆ ಜಾಗ ಮಾಡಲು ಹೋಗಿ ನಿಜ ಹೇಳಬೇಕಾಯಿತು.

ರೆಕಾರ್ಡಿಂಗ್ ದಿನ ನನ್ನ ಒತ್ತಾಯದಿಂದ ದನಿಯನ್ನು ಮೊದಲು ಹಿಡಿದೆವು, ಒಂದು ಗಿಟಾರಿನ ಜತೆ. ಗಾಯಕ ಡೇವಿಡ್ ಬೋವಿಯಿಂದಲೂ ಒಂದು ಉಪಾಯ ಕದ್ದಿದ್ದೆ. 1977ರಲ್ಲಿ ಬರ್ಲಿನ್ ಗೋಡೆಯ ಹತ್ತಿರದ ಹಾನ್ಸಾ ಸ್ಟುಡಿಯೊದಲ್ಲಿ ನಿರ್ಮಾಪಕ ಟೋನಿ ವಿಸ್ಕಾಂಟಿ ಅವನ ಮುಂದೆ ಮೂರು ಮೈಕ್ ನಿಲ್ಲಿಸಿದ: ಒಂದು ಬಾಯಿಯಿಂದ ಒಂಬತ್ತು ಇಂಚು, ಇನ್ನೊಂದು 20 ಅಡಿ, ಮತ್ತೊಂದು 50 ಅಡಿ ದೂರದಲ್ಲಿ. ದೂರದವು ದನಿ ಒಂದು ಮಟ್ಟ ಮೀರಿದಾಗ ಮಾತ್ರ ತೆರೆದುಕೊಳ್ಳುತ್ತವೆ. ಮೆಲ್ಲಗೆ ಶುರುವಾಗುವ ಹಾಡು ಕೊನೆಗೆ ಆ ವಿಶಾಲ ಕೋಣೆಯನ್ನೆಲ್ಲ ಎಬ್ಬಿಸುತ್ತದೆ. ನಮಗೆ 50 ಅಡಿ ಎಲ್ಲಿಂದ ಬರಬೇಕು? ಎರಡೇ ಮೈಕ್, ಎರಡನೆಯದು ಮೂಲೆಯಲ್ಲಿ, ಹತ್ತು ಅಡಿ ದೂರ. ಹೆಚ್ಚೇನೂ ವ್ಯತ್ಯಾಸ ಕೇಳಿಸಲಿಲ್ಲ. ಆದರೆ ಆ ದೂರದ ಮೈಕ್ ಕೋರಸ್‌ನಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆಂದು ಗೊತ್ತಿದ್ದರಿಂದ ಚರಣದಲ್ಲಿ ದನಿ ಎತ್ತುವ ಚಪಲ ಬರಲಿಲ್ಲ. ಅಷ್ಟಕ್ಕೆ ಅದು ಸಾರ್ಥಕ.

ನಾಲ್ಕು ಟೇಕ್ ಹಾಡಿದೆ. ಮೂರನೆಯದನ್ನು ಇಟ್ಟುಕೊಂಡೆವು. ಎರಡನೇ ಚರಣದ ಕೊನೆಯಲ್ಲಿ ಸ್ವರ ಕೂದಲೆಳೆಯಷ್ಟು ಇಳಿದಿದೆ. ಸರಿಪಡಿಸೋಣ ಎಂದು ಡ್ರಮ್ಸ್ ಗೆಳತಿ, ಬೇಡ ಎಂದು ನಾನು. ಆ ವಾದ ಇನ್ನೂ ಮುಗಿದಿಲ್ಲ. ಅವಳು ಹೇಳುವುದೇ ಸರಿ ಇರಬಹುದು.

ಅದೇ ವಾರ, ಇಷ್ಟು ವರ್ಷ ಪಕ್ಕಕ್ಕಿಟ್ಟಿದ್ದ ಒಂದು ಆಲ್ಬಂ ಕೇಳಿದೆ. 2007ರಲ್ಲಿ, ಅರುವತ್ತರ ಹೊಸ್ತಿಲಲ್ಲಿ, ಪ್ಲಾಂಟ್ ಗಾಯಕಿ ಆಲಿಸನ್ ಕ್ರೌಸ್ ಜತೆ ಸೇರಿ ಹಾಡಿದ್ದು. ಅದಕ್ಕೆ 2009ರಲ್ಲಿ ವರ್ಷದ ಆಲ್ಬಂ ಎಂದು ಗ್ರ್ಯಾಮಿಯೂ ಬಂತು. ಆಗ ನಾನು ಒಂದು ಹಾಡು ಅರ್ಧ ಕೇಳಿ, ಮುದುಕನಾದ ಎಂದು ಮುಚ್ಚಿಟ್ಟಿದ್ದೆ. ಈಗ ಕೇಳಿದರೆ ಪಕ್ಕದವಳ ದನಿಗೆ ಜಾಗ ಬಿಟ್ಟು, ತಗ್ಗಿದ ಸ್ಥಾಯಿಯಲ್ಲಿ, ಉಸಿರಿನ ಅಂಚಿನಲ್ಲಿ ಹಾಡುತ್ತಿದ್ದಾನೆ. ನಾನು ಅಣಕಿಸುತ್ತಿದ್ದ ಎತ್ತರವನ್ನು ಅವನೇ ಎಂದೋ ಇಳಿದು ಬಂದಿದ್ದ.

ಮಿಕ್ಸಿಂಗ್ ಮುಗಿದ ದಿನ ಬೇಸ್ ಗೆಳೆಯ ಹೆಡ್‌ಫೋನ್ ಹಾಕಿಕೊಂಡು ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಿದ. ಚೆನ್ನಾಗಿದೆ ಎಂದ. ಸ್ವಲ್ಪ ಹೊತ್ತು ಬಿಟ್ಟು, “ಕೊನೆಯ ಕೋರಸ್‌ನಲ್ಲಿ, ‘ದಾ’ಕ್ಕೆ ಹೋಗುವ ಮುಂಚೆ, ಕೆಳಗಿನಿಂದ ಜಾರುತ್ತೀಯಲ್ಲ, ಅಲ್ಲಿ ಪ್ಲಾಂಟ್ ಇದ್ದಾನೆ” ಎಂದ.

ಗೊತ್ತು ಎಂದೆ. ಅವನನ್ನು ತೆಗೆಯಲೆಂದು ಆ ಸಂಜೆ ಮತ್ತೆ ಎರಡು ಟೇಕ್ ಹಾಡಿದೆ. ಎರಡರಲ್ಲೂ ಇದ್ದ.